ಮೋಡ ಸೇರಿದ ಕಡತ, ಕಳೆದುಹೋದ ಅಕ್ಷರ

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಮಗ್ಗುಲಲ್ಲಿರುವ ಕೋಣನಕುಂಟೆಯ ಹೆಸರಿನಲ್ಲೇ ನೀರಿದೆ. ಉತ್ತರ ಕರ್ನಾಟಕದ ರೈತನಿಗೆ ಕುಂಟೆ ಎಂದರೆ ಹೊಲ ಹರಗುವ ಸಲಕರಣೆ; ಹಳೆಯ ಮೈಸೂರು ಸೀಮೆಯ ಈ ಭಾಗದಲ್ಲಿ ಅದು ಕೆರೆಗಿಂತ ಚಿಕ್ಕದಾದ, ಮಳೆಯ ನೀರು ನಿಂತು ದನಕರುಗಳಿಗೆ ಒದಗುವ ಹೊಂಡ. ಹೊಸಕೆರೆಹಳ್ಳಿ, ಅರಕೆರೆ, ಕೋಣನಕುಂಟೆ ಎಂಬ ಹೆಸರುಗಳು ಮೋಡ ಕೊಟ್ಟದ್ದನ್ನು ನೆಲದಲ್ಲಿ ಹಿಡಿದಿಟ್ಟುಕೊಂಡ ಜನರ ಜಾಣತನವನ್ನು ಇಂದಿಗೂ ಹೇಳುತ್ತಿವೆ. ಅಂದಿನ ಹಳ್ಳಿ ಈಗ ನಗರದೊಳಗೆ ಸೇರಿಹೋಗಿದೆ. 2021ರ ಜನವರಿಯಲ್ಲಿ ಮೆಟ್ರೊ ರೈಲು ಕೋಣನಕುಂಟೆ ಕ್ರಾಸನ್ನು ದಾಟಿ ಮುಂದಕ್ಕೆ ಓಡತೊಡಗಿತು. ಇಂಥ ಬಡಾವಣೆಗಳ ಮನೆಮನೆಯಲ್ಲಿ ಈಗ ಇನ್ನೊಂದು ಬಗೆಯ ಸಂಗ್ರಹದ ಕೆಲಸ ನಡೆದಿದೆ. ಅದರ ದಿಕ್ಕು ಮಾತ್ರ ತಿರುವುಮುರುವು: ನೆಲದ ಮೇಲಿರುವುದನ್ನು ಮೋಡಕ್ಕೆ ಸಾಗಿಸುವುದು.

ಮೋಡವೆಂದರೆ ಕ್ಲೌಡ್. ಹಳೆಯ ಗಣಕಯಂತ್ರ ಕೆಡುವ ಮುನ್ನ, ಮನೆ ಬದಲಿಸುವ ಮುನ್ನ, ಮಕ್ಕಳು ಹೊರದೇಶಕ್ಕೆ ಹೊರಡುವ ಮುನ್ನ ಅದರೊಳಗಿನ ಕಡತಗಳನ್ನೆಲ್ಲ ಅಂತರ್ಜಾಲದ ಉಗ್ರಾಣವೊಂದಕ್ಕೆ ಏರಿಸಿಬಿಡುವ ರೂಢಿ ಬೆಳೆದಿದೆ. ಅಲ್ಲಿಗೆ ಏರಿದ್ದು ಉಳಿಯಿತು ಎಂಬ ನಂಬಿಕೆಯೂ ಅದರ ಜೊತೆಗೇ ಬೆಳೆದಿದೆ. ಫೋಟೊ, ಹಾಡುಗಳ ಮಟ್ಟಿಗೆ ಈ ನಂಬಿಕೆ ಬಹುಪಾಲು ಸರಿ. ಕನ್ನಡದಲ್ಲಿ ಬರೆದ ಹಳೆಯ ಕಡತಗಳ ಮಟ್ಟಿಗೆ ಅದು ಅರ್ಧ ಸತ್ಯ. ಕಡತ ಉಳಿಯುತ್ತದೆ, ಅದರೊಳಗಿನ ಕನ್ನಡ ಉಳಿಯುತ್ತದೆಂಬ ಖಾತರಿಯಿಲ್ಲ.

ಮೋಡವೆಂಬ ಉಗ್ರಾಣ

ದೂರವಾಣಿ ಮತ್ತು ಗಣಕ ಜಾಲಗಳ ನಕ್ಷೆ ಬರೆಯುವ ಇಂಜಿನಿಯರುಗಳು ತಮಗೆ ವಿವರ ಬೇಡವಾದ ಭಾಗವನ್ನು ಒಂದು ಮೋಡದ ಚಿತ್ರ ಬರೆದು ತೋರಿಸುತ್ತಿದ್ದರು. ಒಳಗೆ ಏನಿದೆಯೋ ನಮಗೆ ಬೇಡ, ಈ ಕಡೆಯಿಂದ ಹೋದದ್ದು ಆ ಕಡೆಗೆ ಬರುತ್ತದೆ ಎಂಬುದಷ್ಟೇ ಅದರ ಅರ್ಥ. ಆ ಚಿತ್ರವೇ ಮುಂದೆ ಹೆಸರಾಯಿತು. ನಿಜದಲ್ಲಿ ಈ ಮೋಡ ಇರುವುದು ನೆಲದ ಮೇಲೆಯೇ. ಸಾವಿರಾರು ಗಣಕಗಳನ್ನು ಸಾಲಾಗಿ ಜೋಡಿಸಿ, ಹಗಲಿರುಳು ತಂಪುಗಾಳಿ ಬೀಸುತ್ತಿರುವ ಕಟ್ಟಡಗಳು ಅವು. ನಾವು ಕಳಿಸಿದ ಕಡತವನ್ನು ಅಲ್ಲಿ ಒಂದಕ್ಕಿಂತ ಹೆಚ್ಚು ತಟ್ಟೆಗಳಲ್ಲಿ ನಕಲು ಮಾಡಿಡಲಾಗುತ್ತದೆ. ಒಂದು ತಟ್ಟೆ ಕೆಟ್ಟರೆ ಇನ್ನೊಂದು ಇರುತ್ತದೆ.

ಡ್ರಾಪ್‌ಬಾಕ್ಸ್ 2008ರಲ್ಲಿ, ಆಪಲ್ ಸಂಸ್ಥೆಯ ಐಕ್ಲೌಡ್ 2011ರಲ್ಲಿ, ಗೂಗಲ್ ಡ್ರೈವ್ 2012ರಲ್ಲಿ ಜನರ ಬಳಕೆಗೆ ಬಂದವು. ಗೂಗಲ್ ಬಿಟ್ಟಿಯಾಗಿ ಕೊಡುತ್ತ ಬಂದ 15 ಜಿ.ಬಿ. ಜಾಗದ ಅಳತೆ ತಿಳಿಯಬೇಕಾದರೆ ಹಳೆಯ ಫ್ಲಾಪಿಯನ್ನು ನೆನೆಯಬೇಕು. ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 1.44 ಎಂ.ಬಿ. ಆ ಲೆಕ್ಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಫ್ಲಾಪಿಗಳಷ್ಟು ಸರಕು ಒಬ್ಬನ ಖಾತೆಯಲ್ಲಿ ಕೂರುತ್ತದೆ.

ಆದರೆ ಈ ಉಗ್ರಾಣದ ಕಾವಲುಗಾರನಿಗೆ ಒಂದು ಕೆಲಸ ಮಾತ್ರ ಗೊತ್ತು: ಕೊಟ್ಟ ಗಂಟನ್ನು ಹಾಗೆಯೇ ಇಟ್ಟುಕೊಂಡು ಕೇಳಿದಾಗ ಹಾಗೆಯೇ ಮರಳಿಸುವುದು. ಕಡತವೆಂದರೆ ಅವನ ಪಾಲಿಗೆ ಅಂಕಿಗಳ ಒಂದು ಉದ್ದ ಸಾಲು. ಆ ಅಂಕಿಗಳು ಯಾವ ಅಕ್ಷರಗಳು ಎಂಬುದು ಅವನಿಗೆ ಸಂಬಂಧಿಸಿದ ವಿಷಯವಲ್ಲ. ಕನ್ನಡದ ತೊಡಕು ಆರಂಭವಾಗುವುದು ಇಲ್ಲಿಂದ.

ಏಳು ತುಂಡುಗಳ ಕನ್ನಡ

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಅಂಕಿಯನ್ನು ಗೊತ್ತುಮಾಡಿ, ಪರದೆಯ ಮೇಲೆ ತೋರಿಸುವಾಗ ಆ ಅಂಕಿಗೆ ಸರಿಯಾದ ಚಿತ್ರವನ್ನು ಫಾಂಟಿನಿಂದ ತೆಗೆದು ಮೂಡಿಸುವುದು ಅದರ ಕ್ರಮ. 1990ರ ದಶಕದ ಸಾಮಾನ್ಯ ಗಣಕಗಳಲ್ಲಿ ಒಂದು ಫಾಂಟಿಗೆ ಇದ್ದ ಜಾಗ ಹೆಚ್ಚೆಂದರೆ 256. ಅವೂ ಇಂಗ್ಲಿಷ್ ಮತ್ತು ಐರೋಪ್ಯ ಭಾಷೆಗಳಿಗಾಗಿ ಮೀಸಲಾದವು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪ ತಳೆಯುವ ಕನ್ನಡವನ್ನು ಅಷ್ಟು ಕಿರಿದಾದ ಜಾಗದಲ್ಲಿ ಕೂರಿಸುವುದು ಹೇಗೆ?

ಬೆರಳಚ್ಚು ಯಂತ್ರದ ಕಾಲದಲ್ಲೇ ಇದಕ್ಕೊಂದು ಉಪಾಯ ಸಿಕ್ಕಿತ್ತು. ಅಕ್ಷರವನ್ನು ಇಡಿಯಾಗಿ ಅಚ್ಚೊತ್ತದೆ ಒಡಲು ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ ಎಂದು ತುಂಡು ಮಾಡಿ ಒಂದರ ಪಕ್ಕ ಒಂದು ಜೋಡಿಸುವುದು. ಗಣಕದ ಕನ್ನಡವೂ ಅದೇ ದಾರಿ ಹಿಡಿಯಿತು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರಿ ಕಚೇರಿಗಳಲ್ಲೆಲ್ಲ ಹಬ್ಬಿದ ‘ನುಡಿ’, ಮುದ್ರಣಾಲಯಗಳ ಮೆಚ್ಚಿನ ‘ಶ್ರೀಲಿಪಿ’ ಎಲ್ಲವೂ ಆರಂಭದಲ್ಲಿ ನೆಚ್ಚಿದ್ದು ಈ ತುಂಡುಗಳ ಪದ್ಧತಿಯನ್ನೇ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ನುಡಿಯ ಹಳೆಯ ಫಾಂಟಿನಲ್ಲಿ ಇದನ್ನು ಬರೆದರೆ ಕಡತದೊಳಗೆ ಏಳು ಸಂಕೇತಗಳು ಕೂರುತ್ತವೆ: ತಲೆಕಟ್ಟಿಲ್ಲದ ಕ, ಒಂದು ತಲೆಕಟ್ಟು, ತಲೆಕಟ್ಟಿಲ್ಲದ ನ, ಮತ್ತೊಂದು ತಲೆಕಟ್ಟು, ನ-ಒತ್ತು, ತಲೆಕಟ್ಟಿಲ್ಲದ ಡ, ಕೊನೆಗೆ ಇನ್ನೊಂದು ತಲೆಕಟ್ಟು. ಈ ಏಳೂ ಕುಳಿತಿರುವುದು ಬೇರೆಯವರ ಕುರ್ಚಿಗಳಲ್ಲಿ. ಫಾಂಟು ಜೊತೆಯಲ್ಲಿದ್ದಾಗ ಪರದೆಯ ಮೇಲೆ ಮುದ್ದಾದ ಕನ್ನಡ ಕಾಣುತ್ತದೆ. ಫಾಂಟಿಲ್ಲದ ಗಣಕದಲ್ಲಿ ಅದೇ ಕಡತ ತೆರೆದರೆ ಕುರ್ಚಿಗಳ ಮೂಲ ಒಡೆಯರು ಎದ್ದು ಬರುತ್ತಾರೆ: ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ‘ಕ್ಯೂ’, ಮತ್ತೊಮ್ಮೆ ‘ಎ’.

ಮೋಡಕ್ಕೆ ಏರಿದ ಹಳೆಯ ಕನ್ನಡ ಕಡತಕ್ಕೆ ಆಗುವುದು ಇದೇ. ಹಳೆಯ ಗಣಕದಲ್ಲಿ ಫಾಂಟು ಇತ್ತು. ಉಗ್ರಾಣದಲ್ಲಿ ಇಲ್ಲ, ಮೊಮ್ಮಗಳ ಮೊಬೈಲಿನಲ್ಲಿಯೂ ಇಲ್ಲ. ಕಡತದ ಒಂದು ಅಂಕಿಯೂ ಕಳೆದುಹೋಗಿಲ್ಲ, ಆದರೂ ಒಂದು ಅಕ್ಷರವನ್ನೂ ಓದುವಂತಿಲ್ಲ. ಕಡತ ಕೆಟ್ಟುಹೋಗಿದೆ ಎಂದು ತಿಳಿದು ಅದನ್ನು ಅಳಿಸಿಹಾಕುವ ಅಪಾಯವೂ ಇಲ್ಲಿದೆ.

ಬೆರಳು ಒತ್ತಿದ್ದು ಐದು

ಇದರಲ್ಲಿ ಒಂದು ಸ್ವಾರಸ್ಯವಿದೆ. ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್, ಅಕ್ಷರದ ಆಕಾರವನ್ನು ಬದಿಗಿಟ್ಟು ಅದರ ಉಚ್ಚಾರವನ್ನು ಆಧಾರ ಮಾಡಿಕೊಂಡರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ರೂಪಿಸಿದವರೂ ಅವರೇ. ಅವರ ಕೀಲಿಮಣೆಯ ವಿನ್ಯಾಸವನ್ನು ನುಡಿಯೂ ಅಳವಡಿಸಿಕೊಂಡಿತು. ಅದರಲ್ಲಿ ‘ಕನ್ನಡ’ ಬರೆಯಲು ಒತ್ತಬೇಕಾದ್ದು ಐದೇ ಕೀಲಿ: ಕ, ನ, ಕೂಡಿಸುವ ಕೀಲಿ, ನ, ಡ. ವ್ಯಾಕರಣ ಹೇಳುವ ಕ್ರಮವೂ ಇದೇ, ನಾಲಗೆ ನುಡಿಯುವ ಕ್ರಮವೂ ಇದೇ. ಬೆರಳು ಐದನ್ನು ಒತ್ತಿತು. ತಂತ್ರಾಂಶ ಅದನ್ನು ಏಳು ಆಕಾರಗಳಾಗಿ ಬದಲಿಸಿ ಕಡತದಲ್ಲಿ ಇಟ್ಟಿತು. ಬರೆದವರ ಮನಸ್ಸಿನಲ್ಲಿದ್ದ ಕ್ರಮ ಅಲ್ಲಿಗೆ ಮರೆಯಾಯಿತು.

ಹೀಗೆ ಮಾಡಿದವರನ್ನು ದೂರುವಂತಿಲ್ಲ. ಭಾರತೀಯ ಭಾಷೆಗಳಿಗೆ ಉಚ್ಚಾರದ ಆಧಾರದ ಮೇಲೆ ಅಂಕಿ ಕೊಡುವ ‘ಇಸ್ಕಿ’ ಎಂಬ ರಾಷ್ಟ್ರೀಯ ಮಾನಕ 1991ರಲ್ಲಿ ಬಂದಿತ್ತು. ಅದೇ ವರ್ಷ ಜಗತ್ತಿನ ಎಲ್ಲ ಲಿಪಿಗಳನ್ನೂ ಒಂದೇ ಪಟ್ಟಿಯಲ್ಲಿ ತರುವ ಉದ್ದೇಶದ ಯೂನಿಕೋಡ್ ಮೊದಲ ಬಾರಿಗೆ ಪ್ರಕಟವಾಯಿತು. ಆದರೆ ಅಂಕಿಗಳನ್ನು ಓದಿ ಒತ್ತಕ್ಷರ, ಕಾಗುಣಿತಗಳನ್ನು ತಾನೇ ಜೋಡಿಸುವ ಶಕ್ತಿ ಆಗಿನ ಜನಬಳಕೆಯ ಗಣಕಗಳಿಗೆ ಇರಲಿಲ್ಲ. ಆ ಶಕ್ತಿ ಕನ್ನಡಕ್ಕೆ ದಕ್ಕಿದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ಬಂದಾಗ. ಅದರೊಂದಿಗೆ ಬಂದ ಕನ್ನಡ ಫಾಂಟಿಗೆ ನಮ್ಮ ನದಿಯ ಹೆಸರನ್ನೇ ಇಟ್ಟು ‘ತುಂಗಾ’ ಎಂದು ಕರೆದರು. ಆ ವೇಳೆಗಾಗಲೇ ನಾಡಿನ ತುಂಬ ಪತ್ರಿಕೆ, ಪುಸ್ತಕ, ಸರ್ಕಾರಿ ಆದೇಶ, ಲಗ್ನಪತ್ರಿಕೆಗಳೆಲ್ಲ ತುಂಡುಗಳ ಕನ್ನಡದಲ್ಲಿ ಅಚ್ಚಾಗುತ್ತಿದ್ದವು. ಕೈ ಕುದುರಿದ ಪದ್ಧತಿಯನ್ನು ಯಾರೂ ಒಂದೇ ದಿನದಲ್ಲಿ ಬಿಡುವುದಿಲ್ಲ. ಯೂನಿಕೋಡ್ ಬಂದು ಬಹುಕಾಲವಾದ ಮೇಲೂ ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ಕ್ರಮವೇ ನಡೆಯಿತು.

ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ‘ಕನ್ನಡ’ ಎಂಬ ಪದ ಅದರಲ್ಲಿ 3221, 3240, 3277, 3240, 3233 ಎಂಬ ಐದು ಅಂಕಿಗಳು. ಇವು ಯಾವ ಫಾಂಟಿನವೂ ಅಲ್ಲ, ಯಾವ ಕಂಪನಿಯವೂ ಅಲ್ಲ. 3221 ಎಂದರೆ ಬೆಂಗಳೂರಿನಲ್ಲೂ ಕ, ಬೋಸ್ಟನ್ನಿನಲ್ಲೂ ಕ. ಒಮ್ಮೆ ಕೊಟ್ಟ ಸ್ಥಾನವನ್ನಾಗಲಿ ಹೆಸರನ್ನಾಗಲಿ ಮುಂದೆಂದೂ ಬದಲಿಸಬಾರದೆಂಬುದು ಯೂನಿಕೋಡಿನ ಕಟ್ಟುನಿಟ್ಟು. ಆ ಪಟ್ಟಿಯಲ್ಲಿ ಹಳಗನ್ನಡದ ೞಕಾರಕ್ಕೆ ಯಾವುದೋ ಅಚಾತುರ್ಯದಿಂದ ‘ಫ’ ಎಂಬ ಹೆಸರು ಬಿದ್ದಿದೆ. ತಪ್ಪು ಗೊತ್ತಾದ ಮೇಲೂ ಅದನ್ನು ಬದಲಿಸಿಲ್ಲ. ನಗೆ ತರಿಸುವ ಈ ಹಟವೇ ಅದರ ಬಲ. ಇಂದು ಬರೆದದ್ದನ್ನು ಐವತ್ತು ವರ್ಷಗಳ ನಂತರ ತೆರೆದರೂ ಅಂಕಿಯ ಅರ್ಥ ಅದೇ ಆಗಿರುತ್ತದೆ.

ಪರಿವರ್ತನೆಯ ಗಂಟುಗಳು

ಏಳನ್ನು ಐದಾಗಿಸುವ ಪರಿವರ್ತಕ ತಂತ್ರಾಂಶಗಳು ಇವೆ, ಬಿಟ್ಟಿಯಾಗಿಯೂ ಸಿಗುತ್ತವೆ. ಆದರೆ ಕೆಲಸ ಒಂದಕ್ಕೆ ಬದಲಾಗಿ ಇನ್ನೊಂದನ್ನು ಇಡುವಷ್ಟು ಸುಲಭವಲ್ಲ. ‘ಕರ್ನಾಟಕ’ದ ಅರ್ಕಾವತ್ತನ್ನು ನೋಡಿ. ಕಣ್ಣಿಗೆ ಅದು ‘ನಾ’ ಆದ ಮೇಲೆ ಕಾಣುತ್ತದೆ, ಆದ್ದರಿಂದ ಹಳೆಯ ಕಡತದಲ್ಲಿ ‘ನಾ’ ಆದ ಮೇಲೆಯೇ ಇರುತ್ತದೆ. ಉಚ್ಚಾರದಲ್ಲಿ ರಕಾರ ಮೊದಲು ಬರುವುದರಿಂದ ಯೂನಿಕೋಡಿನಲ್ಲಿ ಅದು ‘ನಾ’ಕ್ಕಿಂತ ಮುಂಚೆ ಇರಬೇಕು. ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಹುಡುಕಿ ಹಿಂದಕ್ಕೆ ತಂದು ಕೂರಿಸಬೇಕು.

ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ತೊಡಕು ಇನ್ನೂ ಹೆಚ್ಚು. ಹಳೆಯ ಕಡತದಲ್ಲಿ ಒಂದೇ ಸಂಕೇತ ಇಂಗ್ಲಿಷಿನ ‘ಪಿ’ಯೂ ಹೌದು, ಕನ್ನಡದ ತಲೆಕಟ್ಟಿಲ್ಲದ ಕವೂ ಹೌದು. ಯಾವುದು ಯಾವುದೆಂದು ಹೇಳುವುದು ಆ ಪದಕ್ಕೆ ಅಂಟಿಸಿದ ಫಾಂಟಿನ ಹೆಸರು ಮಾತ್ರ. ಅದು ಕಳಚಿದರೆ ಇಂಗ್ಲಿಷಿನ ವಿಳಾಸವೂ ಅರ್ಥವಿಲ್ಲದ ಕನ್ನಡವಾಗಿ ಬದಲಾಗುತ್ತದೆ. ಒಂದು ತಂತ್ರಾಂಶದ ತುಂಡುಗಳ ಕ್ರಮ ಇನ್ನೊಂದರದ್ದಲ್ಲವಾದ್ದರಿಂದ ನುಡಿಯ ಪರಿವರ್ತಕ ಶ್ರೀಲಿಪಿಯ ಕಡತಕ್ಕೆ ಆಗಿಬರುವುದಿಲ್ಲ.

ಪುಸ್ತಕ, ಸ್ಮರಣ ಸಂಚಿಕೆಗಳ ಪಾಡು ಇನ್ನೂ ಕಷ್ಟ. ಅವು ಹೆಚ್ಚಾಗಿ ಸಿದ್ಧವಾಗುತ್ತಿದ್ದುದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದೇ ಕಂಪನಿಯ ಇನ್‌ಡಿಸೈನ್, 2012ರ ಸಿ.ಎಸ್. 6 ಆವೃತ್ತಿಯವರೆಗೆ ಮಾತ್ರ ಪೇಜ್‌ಮೇಕರಿನ ಕಡತಗಳನ್ನು ತೆರೆಯುತ್ತಿತ್ತು, ಆಮೇಲಿನವು ತೆರೆಯುವುದಿಲ್ಲ. ಇಲ್ಲಿ ಬೀಗ ಎರಡು: ಹೊರಗಿನದು ತಂತ್ರಾಂಶದ್ದು, ಒಳಗಿನದು ಅಕ್ಷರದ್ದು.

ಯಾರ ಬರಹ ಇದು?

ದೊಡ್ಡ ಪ್ರಕಾಶಕರಿಗೂ ವಿಶ್ವವಿದ್ಯಾಲಯಗಳಿಗೂ ಅಚ್ಚಾದ ಪುಸ್ತಕದ ಆಧಾರವಿದೆ. ಅಪಾಯ ಇರುವುದು ಅಚ್ಚಾಗದ ಬರಹಕ್ಕೆ. ನಿವೃತ್ತ ಮೇಷ್ಟರೊಬ್ಬರು ಎರಡು ವರ್ಷ ಕುಳಿತು ಬರೆದ ನೆನಪುಗಳು, ಮನೆತನದ ವಂಶಾವಳಿ, ಅಜ್ಜಿ ಹೇಳಿ ಸೊಸೆ ಬೆರಳಚ್ಚಿಸಿದ ಹಾಡುಗಳು, ಊರಿನ ಸಂಘದ ವಾರ್ಷಿಕ ವರದಿ, ಅಣ್ಣತಮ್ಮಂದಿರ ವಿಭಾಗ ಪತ್ರದ ಕರಡು, ಹವ್ಯಾಸಿ ತಂಡದ ನಾಟಕದ ಪ್ರತಿ ಇಂಥವು. 1995ರಿಂದ 2010ರ ನಡುವಿನ ಇಂಥ ಬರಹ ಬಹುಮಟ್ಟಿಗೆ ತುಂಡುಗಳ ಕನ್ನಡದಲ್ಲಿಯೇ ಇದೆ. ಅದಕ್ಕೆ ಹಿಂದಿನದು ಕಾಗದದ ಮೇಲೆ ಕೈಬರಹದಲ್ಲಿದೆ, ಓದಬಹುದು. ಅದರ ಮುಂದಿನದು ಯೂನಿಕೋಡಿನಲ್ಲಿದೆ, ಓದಬಹುದು. ನಡುವಿನ ಹದಿನೈದು ವರ್ಷದ ಬರಹ ಮಾತ್ರ ಕಣ್ಣೆದುರೇ ಇದ್ದು ಕೈಗೆ ಸಿಗುವುದಿಲ್ಲ.

ಮೋಡದಲ್ಲಿ ಹುಡುಕುವ ರೀತಿ ಇದಕ್ಕೆ ಇನ್ನೊಂದು ಪೆಟ್ಟು. ಮನೆಯ ಗಣಕದಲ್ಲಿ ಯಾವ ಕಡತ ಎಲ್ಲಿದೆಯೆಂಬುದು ಇಟ್ಟವರಿಗೆ ಗೊತ್ತಿರುತ್ತಿತ್ತು. ಸಾವಿರಾರು ಕಡತಗಳ ಉಗ್ರಾಣದಲ್ಲಿ ಪದ ಕೊಟ್ಟು ಹುಡುಕಬೇಕು. ಹಳೆಯ ಕಡತದ ಹೆಸರು ಇಂಗ್ಲಿಷಿನಲ್ಲಿ ‘ಲೆಟರ್ 1’, ‘ನ್ಯೂ 2’ ಎಂದೇನೋ ಇರುತ್ತದೆ. ಒಳಗೆ ‘ಅಜ್ಜ’ ಎಂದು ನೂರು ಸಲ ಬರೆದಿದ್ದರೂ ‘ಅಜ್ಜ’ ಎಂದು ಹುಡುಕಿದರೆ ಅದು ಸಿಗದು. ಹುಡುಕಾಟಕ್ಕೆ ಸಿಗದ ಕಡತ ಹತ್ತು ವರ್ಷದಲ್ಲಿ ಇಲ್ಲದ ಕಡತವೇ ಆಗುತ್ತದೆ.

ಸರಿಯಾಗಿ ಪರಿವರ್ತಿಸಿದರೆ ಏನು ಲಾಭವೆಂಬುದಕ್ಕೆ ವಚನಗಳ ಉದಾಹರಣೆ ಇದೆ. ಹಳೆಯ ಸಂಕೇತದಲ್ಲಿದ್ದ ಸುಮಾರು ಇಪ್ಪತ್ತು ಸಾವಿರ ವಚನಗಳನ್ನು ಆಸಕ್ತರ ಗುಂಪೊಂದು ಯೂನಿಕೋಡಿಗೆ ತಂದು ‘ವಚನ ಸಂಚಯ’ ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಸೇರಿಸಿತು. ಒಂದು ಪದ ಯಾವ ಯಾವ ವಚನಕಾರರಲ್ಲಿ, ಎಲ್ಲೆಲ್ಲಿ ಬಂದಿದೆಯೆಂದು ಈಗ ಕ್ಷಣದಲ್ಲಿ ತಿಳಿಯುತ್ತದೆ. ಹಿಂದೆ ಇದಕ್ಕೆ ಸಂಪುಟಗಳ ಮುಂದೆ ವರ್ಷಗಟ್ಟಲೆ ಕೂರಬೇಕಾಗಿತ್ತು.

ಕಲ್ಲು ಕಲಿಸುವ ಪಾಠ

ಕೋಣನಕುಂಟೆಯಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಬೇಗೂರಿದೆ. ಅಲ್ಲಿನ ದೇವಾಲಯದ ಆವರಣದಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸೇರಿದ ವೀರಗಲ್ಲೊಂದು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ಕಲ್ಲು ಸಾವಿರದ ನೂರಕ್ಕೂ ಹೆಚ್ಚು ವರ್ಷ ಉಳಿಯಿತು. ಆದರೆ ಕಲ್ಲು ಉಳಿದದ್ದರಿಂದಲೇ ಊರಿನ ಹೆಸರು ನಮಗೆ ತಿಳಿಯಲಿಲ್ಲ. ಹಳೆಯ ಲಿಪಿಯನ್ನು ಓದಿ ಈಗಿನ ಅಕ್ಷರದಲ್ಲಿ ಬರೆದಿಟ್ಟವರಿದ್ದರು, ಆದ್ದರಿಂದ ತಿಳಿಯಿತು.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಬಂತು. ಆ ಮಾಲೆಯಲ್ಲಿ ಶಾಸನಗಳ ಪಾಠವನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ ಅಚ್ಚು ಮಾಡಿ, ಇಂಗ್ಲಿಷ್ ಅನುವಾದವನ್ನೂ ಸೇರಿಸಿದರು. ಮೂಲದ ಕಲ್ಲು ಅದರ ಜಾಗದಲ್ಲೇ ಇತ್ತು. ನಮ್ಮ ಕಾಲದಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸ ಕೈಗೊಂಡಿದೆ. ಮೂಲ ಒಂದು ಕಡೆ, ಅದರ ಪ್ರತಿರೂಪ ಒಂದು ಕಡೆ, ಅದರ ಓದು ಒಂದು ಕಡೆ. ಇವು ಮೂರೂ ಇದ್ದರೆ ಮಾತ್ರ ಬರಹ ಉಳಿದಂತೆ. ಮನೆಯ ಕಡತಕ್ಕೂ ಇದೇ ಸೂತ್ರ ಸಲ್ಲುತ್ತದೆ.

ಮಾಡಬೇಕಾದ್ದೇನು?

ಮೊದಲನೆಯದಾಗಿ, ಕಡತಗಳು ಮೋಡಕ್ಕೆ ಏರಿದವೆಂದು ಹಳೆಯ ಗಣಕವನ್ನು ಗುಜರಿಗೆ ಹಾಕಬಾರದು. ಫಾಂಟು ಇರುವುದು ಅದರಲ್ಲಿಯೇ. ಕಡತಗಳ ಜೊತೆಗೆ ಆ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಂಡರೆ ಅರ್ಧ ಅಪಾಯ ನೀಗಿತು.

ಎರಡನೆಯದಾಗಿ, ಹಳೆಯ ಗಣಕ ನಡೆಯುತ್ತಿರುವಾಗಲೇ ಪ್ರತಿ ಕಡತವನ್ನೂ ತೆರೆದು ಪಿ.ಡಿ.ಎಫ್. ಮಾಡಿಡಬೇಕು. ಪಿ.ಡಿ.ಎಫ್. ತನ್ನೊಳಗೆ ಫಾಂಟನ್ನೂ ಹೊತ್ತೊಯ್ಯಬಲ್ಲದು. ಹಾಗೆ ಮಾಡಿದ ಪುಟ ಎಲ್ಲಿ ತೆರೆದರೂ ಮೊದಲಿನಂತೆಯೇ ಕಾಣುತ್ತದೆ. ಆದರೆ ಅದು ಕಲ್ಲಿನ ಪ್ರತಿರೂಪವಿದ್ದಂತೆ. ಕಣ್ಣಿಗೆ ಕನ್ನಡ, ಒಳಗೆ ಹಳೆಯ ತುಂಡುಗಳೇ. ಪದ ಹುಡುಕಲಾಗದು.

ಆದ್ದರಿಂದ ಮೂರನೆಯದಾಗಿ, ಯೂನಿಕೋಡಿಗೆ ಪರಿವರ್ತಿಸಿದ ಪ್ರತಿ ಬೇಕು. ಪರಿವರ್ತನೆಯಾದ ಮೇಲೆ ಪಿ.ಡಿ.ಎಫ್. ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಅರ್ಕಾವತ್ತು, ಒತ್ತಕ್ಷರ, ಇಂಗ್ಲಿಷ್ ಪದ, ಅಂಕಿಗಳನ್ನು ಒಮ್ಮೆ ತಾಳೆ ನೋಡಬೇಕು. ಯೂನಿಕೋಡಿನ ಪ್ರತಿ ಸಂಕೇತ ಸಾಮಾನ್ಯವಾಗಿ ಮೂರು ಬೈಟು ಜಾಗ ಹಿಡಿಯುತ್ತದೆ, ನಿಜ. ಆದರೂ ಮುನ್ನೂರು ಪುಟದ ಒಂದು ಕಾದಂಬರಿಯ ಬರಿಯ ಪಠ್ಯ ಒಂದೂವರೆ ಎಂ.ಬಿ.ಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅನೇಕ ಸಲ ಇದಕ್ಕಿಂತ ದೊಡ್ಡದು.

ಉಗ್ರಾಣದ ಕಟ್ಟಳೆಗಳನ್ನೂ ಅರಿತಿರಬೇಕು. ಗಣಕದ ಚೀಲವೊಂದನ್ನು ಮೋಡಕ್ಕೆ ಜೋಡಿಸಿಟ್ಟರೆ ಎರಡೂ ಕಡೆ ಒಂದೇ ಸ್ಥಿತಿ ಇರುವಂತೆ ತಂತ್ರಾಂಶ ನೋಡಿಕೊಳ್ಳುತ್ತದೆ. ಎಂದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಗೆ ಬಿದ್ದದ್ದು 30 ದಿನಗಳ ನಂತರ ತಾನಾಗಿ ಹೋಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಖಾತೆಯ ಒಡೆಯರು ತೀರಿಕೊಂಡು ಗುಪ್ತಪದ ಯಾರಿಗೂ ಗೊತ್ತಿಲ್ಲದಿದ್ದರೆ ಮನೆಯವರ ಪಾಲಿಗೆ ಎಲ್ಲವೂ ಹೋದಂತೆಯೇ. ಆದುದರಿಂದ ಮೋಡದ ಪ್ರತಿಯ ಜೊತೆಗೆ ಮನೆಯಲ್ಲೊಂದು ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಬೇಕು. ಮುಖ್ಯವಾದ ನಾಲ್ಕು ಬರಹಗಳು ಕಾಗದದ ಮೇಲೆಯೂ ಇದ್ದರೆ ಒಳ್ಳೆಯದು. ಗುಪ್ತಪದ ಮನೆಯ ಇನ್ನೊಬ್ಬರಿಗೂ ತಿಳಿದಿರಬೇಕು.

ಇವೆಲ್ಲಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಪರಿವರ್ತಕ ಎಲ್ಲಿ ಎಡವಿದೆ, ಆ ಸಾಲಿನಲ್ಲಿ ಇದ್ದ ಹೆಸರು ಯಾವುದು, ‘ಲೆಟರ್ 1’ ಎಂಬುದು ಯಾರು ಯಾರಿಗೆ ಬರೆದ ಕಾಗದ ಎಂಬುದನ್ನು ಹೇಳಬಲ್ಲವರು ಅದನ್ನು ಬರೆದವರೇ. ಬೇಗೂರಿನ ಕಲ್ಲನ್ನು ಬರೆಸಿದವರನ್ನು ಕೇಳುವ ಅವಕಾಶ ನಮಗಿಲ್ಲ. 1998ರಲ್ಲಿ ಮನೆಯ ಮೂಲೆಯಲ್ಲಿ ಕುಳಿತು ಕನ್ನಡ ಬೆರಳಚ್ಚು ಮಾಡಿದವರು ಬಹಳಷ್ಟು ಮಂದಿ ಇನ್ನೂ ನಮ್ಮೊಡನಿದ್ದಾರೆ. ಕಡತ ಇನ್ನೂ ನೂರು ವರ್ಷ ಕಾಯಬಲ್ಲದು. ಅವರು ಪಕ್ಕದಲ್ಲಿ ಕುಳಿತು ಓದಿ ಹೇಳಬಲ್ಲ ದಿನಗಳು ಅಷ್ಟಿಲ್ಲ.